ಮೂರನೇ ಹಾಡು: ಕೇಳಿಸಿದ್ದೆಲ್ಲ ಕಾಣಿಸಬೇಕು

ಈ ವಾರ ನಮ್ಮ ಬ್ಯಾಂಡಿನ ಮೂರನೇ ಹಾಡಿಗೆ ಡ್ರಮ್ಸ್ ರೆಕಾರ್ಡಿಂಗ್ ಮುಗಿಯಿತು. ಹಾಡು ಮೂರೂವರೆ ನಿಮಿಷದ್ದು, ನಿಮಿಷಕ್ಕೆ 112 ಬೀಟ್. ತಮ್ಮ ಗಿಟಾರ್ ನುಡಿಸಿಕೊಂಡು ಹಾಡುತ್ತಾನೆ. ಡ್ರಮ್ಸ್ ನನ್ನದು, ವಿಡಿಯೋ ಎಡಿಟಿಂಗೂ ನನ್ನದೇ. ಬ್ಯಾಂಡಿನಲ್ಲಿ ಇರುವುದು ನಾವಿಬ್ಬರೇ.

ಮೊದಲ ಎರಡು ಹಾಡಿಗೆ ವಿಡಿಯೋ ಆಮೇಲೆ ಮಾಡಿದ್ದೆವು. ಹಾಡು ಹಾಕಿಕೊಂಡು ಸುಮ್ನೆ ತುಟಿ ಆಡಿಸಿದ್ದು ನೋಡಿದ ತಕ್ಷಣ ಗೊತ್ತಾಗುತ್ತದೆ. ಈ ಸಲ ಪಾಂಪ್ಲಮೂಸ್ ದಾರಿ ಹಿಡಿದಿದ್ದೇವೆ. ಜ್ಯಾಕ್ ಕಾಂಟಿ, ನ್ಯಾಟಲಿ ಡಾನ್ ಅಂತ ಕ್ಯಾಲಿಫೋರ್ನಿಯಾದ ಇಬ್ಬರು 2008ರಲ್ಲಿ ಶುರು ಮಾಡಿದ ಜೋಡಿ ಅದು. ಅವರ ವಿಡಿಯೋ ಹಾಡುಗಳಿಗೆ ಎರಡೇ ನಿಯಮ. ತೆರೆ ಮೇಲೆ ನುಡಿಸುವುದು ಕಂಡರೆ ಅದೇ ಸದ್ದು ಕೇಳಬೇಕು. ಹಾಡಿನಲ್ಲಿ ಯಾವ ಸದ್ದು ಕೇಳಿದರೂ ಅದು ಒಮ್ಮೆಯಾದರೂ ಕಾಣಬೇಕು. ಅಂದರೆ ರೆಕಾರ್ಡಿಂಗ್ ನಡೆಯುವಾಗಲೇ ಕ್ಯಾಮೆರಾ ಓಡುತ್ತಿರಬೇಕು.

ಈ ನಿಯಮಕ್ಕೆ ಮೊದಲು ಬಲಿಯಾದದ್ದು ಕರಡು ರೆಕಾರ್ಡಿಂಗಿಗೆ ಲ್ಯಾಪ್‌ಟಾಪ್‌ನಿಂದ ಹಾಕಿದ್ದ ಪಿಟೀಲಿನ ಪದರ. ನಮ್ಮ ಮನೆಯಲ್ಲಿ ಪಿಟೀಲು ನುಡಿಸುವವರು ಯಾರೂ ಇಲ್ಲ, ತೋರಿಸುವುದು ಏನನ್ನು? ತೆಗೆದ ಮೇಲೆ ಪಲ್ಲವಿಯಲ್ಲಿ ತಮ್ಮನ ದನಿ ಎಷ್ಟು ಮುಂದೆ ಬಂತು ಅಂದರೆ, ಇಷ್ಟು ದಿನ ಅದನ್ನು ನಾವೇ ಮುಚ್ಚಿಟ್ಟಿದ್ದೆವು ಅನ್ನಿಸಿತು.

ಬೇಸ್ ಗಿಟಾರೂ ಇಲ್ಲ. ಅದಕ್ಕೆ ದಾರಿ ದಿ ವೈಟ್ ಸ್ಟ್ರೈಪ್ಸ್‌ನವರಿಂದ ಸಿಕ್ಕಿತು. ಡೆಟ್ರಾಯ್ಟ್‌ನ ಆ ಬ್ಯಾಂಡಿನಲ್ಲೂ ಇದ್ದದ್ದು ಇಬ್ಬರೇ. 2003ರಲ್ಲಿ ಬಂದ ಅವರ ಅತಿ ಜನಪ್ರಿಯ ಹಾಡಿನ ಶುರುವಿನಲ್ಲಿ ಬೇಸ್ ಥರ ಕೇಳುವುದು ನಿಜಕ್ಕೂ ಗಿಟಾರು. ಅವರ ಗಿಟಾರ್ ವಾದಕ ಜ್ಯಾಕ್ ವೈಟ್, ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಪೆಡಲ್ ಹಾಕಿ ಅದನ್ನು ಒಂದು ಸ್ಥಾಯಿ ಕೆಳಗಿಳಿಸಿದ್ದು. ತಮ್ಮನೂ ಹಾಗೇ ಅದೇ ಸಾಲನ್ನು ಕೆಳಗಿನ ಸ್ಥಾಯಿಯಲ್ಲಿ ಇನ್ನೊಮ್ಮೆ ನುಡಿಸುತ್ತಾನೆ. ಆಗ ಕ್ಯಾಮೆರಾ ಪೆಡಲ್ ಒತ್ತುವ ಕಾಲಿನ ಮೇಲೆ ಇರುತ್ತದೆ.

ಡ್ರಮ್ಸ್ ನುಡಿಸಿದ್ದು ಮಹಡಿಯ ಶೀಟ್ ರೂಮಿನಲ್ಲಿ. ಸ್ನೇರ್ ಡ್ರಮ್ ಜಾಸ್ತಿ ಗುಂಯ್‌ಗುಡುತ್ತಿತ್ತು. ಹಳೇ ಟವೆಲ್ ಒಂದನ್ನು ಮಡಿಸಿ, ಅರ್ಧ ಚರ್ಮ ಮುಚ್ಚುವ ಹಾಗೆ ಹಾಕಿ, ಬಟ್ಟೆ ಕ್ಲಿಪ್‌ನಿಂದ ಅಂಚಿಗೆ ಸಿಕ್ಕಿಸಿದೆ. ಸದ್ದು ಗಟ್ಟಿಯಾಗಿ, ಚಿಕ್ಕದಾಗಿ ಬಂತು. ಆ ನೀಲಿ ಕ್ಲಿಪ್ ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ, ಇರಲಿ ಅಂತ ಬಿಟ್ಟಿದ್ದೇನೆ.

ಮೂರನೇ ಟೇಕ್ ಪಕ್ಕದ ಮನೆಯ ಕುಕ್ಕರ್ ಸೀಟಿಗೆ ಹೋಯಿತು. ಆರನೆಯದು ನನಗೆ ತುಂಬ ಇಷ್ಟವಾದದ್ದು. ಎರಡನೇ ಚರಣಕ್ಕೆ ಮುಂಚೆ ಎಲ್ಲ ನಿಲ್ಲುವ ಒಂದು ಜಾಗ ಇದೆ. ಸರಿಯಾಗಿ ಆಗಲೇ ಅಮ್ಮ ಕಾಫಿ ತಂದು ಕಿಟಕಿಕಟ್ಟೆಯ ಮೇಲೆ ಇಟ್ಟರು. ಸ್ಟೀಲ್ ಲೋಟ ಟಣ್ ಅಂದಿತು. "ಅಕ್ಕಾ, ಇನ್ನೊಂದು ಟೇಕ್ ತಗೋಳೋಣ" ಅಂದ ತಮ್ಮ. "ಬೇಡ ಕಣೋ, ಅಮ್ಮನ ಕೈ ಫ್ರೇಮಿನಲ್ಲಿದೆ" ಅಂದೆ. ಸದ್ದು ಕೇಳುತ್ತದೆ, ಕೈ ಕಾಣುತ್ತದೆ. ಆ ಟೇಕೇ ಇಟ್ಟುಕೊಂಡೆವು.

ಆಮೇಲೆ ಎರಡು ತೊಂದರೆ. ಒಂದು, ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಜಾರುತ್ತಿದ್ದವು. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್, ಹಾಗಾಗಿ ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಫೋನಿನ ಶಟರನ್ನು ಆಟೋದಿಂದ ತೆಗೆದು 1/50 ಸೆಕೆಂಡಿಗೆ ಇಟ್ಟ ಮೇಲೆ ಪಟ್ಟಿ ಹೋಯಿತು. ಇನ್ನೊಂದಕ್ಕೆ ಎರಡು ರಾತ್ರಿ ಹಿಡಿಯಿತು. ಚಿತ್ರ ಮತ್ತು ಧ್ವನಿ ಹೊಂದಿಸಲು ಟೇಕಿನ ಶುರುವಿನಲ್ಲಿ ಹೊಡೆದ ಚಪ್ಪಾಳೆಗೆ ಎರಡೂ ಸರಿಯಾಗಿ ಕೂರುತ್ತಿತ್ತು, ಕೊನೆಗೆ ಬರುವಷ್ಟರಲ್ಲಿ ಕೋಲು ಬೀಳುವುದೇ ಬೇರೆ, ಕೇಳುವುದೇ ಬೇರೆ. ಫೋನ್ ಫ್ರೇಮ್‌ಗಳನ್ನು ಒಂದೇ ವೇಗದಲ್ಲಿ ಹಿಡಿದಿರಲಿಲ್ಲ. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಸಾಫ್ಟ್‌ವೇರಿನಲ್ಲಿ ಸೆಕೆಂಡಿಗೆ 25 ಫ್ರೇಮ್ ಅಂತ ಕಟ್ಟುನಿಟ್ಟು ಮಾಡಿ ಆಮೇಲೆ ಎಡಿಟಿಂಗ್‌ಗೆ ಹಾಕಿದೆ, ಕೂತಿತು. ಇನ್ನು ಮೇಲೆ ಪ್ರತಿ ಟೇಕಿನ ಕೊನೆಯಲ್ಲೂ ಒಂದು ಚಪ್ಪಾಳೆ ಹೊಡೆಯುತ್ತೇವೆ.

ಉಳಿದಿರುವುದು ಕೆಳಗಿನ ಸ್ಥಾಯಿಯ ಗಿಟಾರ್ ಮತ್ತು ಹಾಡುವುದು. ಭಾನುವಾರ ಮಳೆ ಇಲ್ಲದಿದ್ದರೆ ಹಾಡುವುದನ್ನು ಮುಗಿಸುತ್ತೇವೆ. ಶೀಟಿನ ಮೇಲೆ ಮಳೆ ಬಿದ್ದರೆ ಮೈಕ್ ಇಡುವ ಹಾಗಿಲ್ಲ, ಗಿಟಾರ್ ಕೇಬಲನ್ನು ನೇರ ಇಂಟರ್‌ಫೇಸ್‌ಗೆ (ಸದ್ದನ್ನು ಲ್ಯಾಪ್‌ಟಾಪ್‌ಗೆ ಕಳಿಸುವ ಪೆಟ್ಟಿಗೆ) ಹಾಕಿ ಗಿಟಾರ್ ಭಾಗವನ್ನೇ ಮಾಡುತ್ತೇವೆ.