ಕಾಂಡೈಲ್ ಮುರಿತ: ಅಭ್ಯಾಸದ ದವಡೆ ಮಾದರಿ, ಪ್ಲೇಟ್ ಹಂತ

ಕಾಂಡೈಲ್ ಎಂದರೆ ಕಿವಿಯ ಮುಂದಿನ ಕೀಲಿನಲ್ಲಿ ಕೂರುವ ಕೆಳದವಡೆಯ ತಲೆ; ಅದು ಮುರಿದಾಗ ಲೋಹದ ಪ್ಲೇಟ್ ಕೂರಿಸುವ ಶಸ್ತ್ರಚಿಕಿತ್ಸೆಯ ಅಭ್ಯಾಸಕ್ಕೆ ಈ ಮಾದರಿ. ಸಿಟಿ ಸ್ಕ್ಯಾನ್‌ನಿಂದ ಮೇಲ್ದವಡೆ, ಕೆಳದವಡೆ ಎರಡೂ ಪಿಎಲ್ಎಯಲ್ಲಿ (3ಡಿ ಪ್ರಿಂಟರ್‌ನ ಪ್ಲಾಸ್ಟಿಕ್) ಪ್ರಿಂಟ್ ಆಗಿವೆ. ಕೆಳದವಡೆಯೊಂದೇ ಇದ್ದರೆ ಸಾಲದು. ಹಲ್ಲಿಗೆ ಹಲ್ಲು ಕೂರಿಸಿ ನೋಡದೆ ಮೂಳೆ ಸರಿಯಾಗಿ ಕೂಡಿತೋ ಇಲ್ಲವೋ ಹೇಳಲಾಗದು. ಬಲಗಡೆ ಕಾಂಡೈಲ್‌ನ ಬುಡವನ್ನು ಅದರ ಮುಂದಿರುವ ಸಿಗ್ಮಾಯ್ಡ್ ತಗ್ಗಿನಿಂದ ಹಿಂಬದಿ ಅಂಚಿಗೆ ಓರೆಯಾಗಿ ಕೊಯ್ದಿದೆ. ಕಾಂಡೈಲನ್ನು ಎಳೆಯುವ ಲ್ಯಾಟರಲ್ ಟೆರಿಗಾಯ್ಡ್ ಸ್ನಾಯು ಅಂಟುವ ಜಾಗದಲ್ಲಿ ಕೊಕ್ಕೆ ನೆಟ್ಟು, ಇಲಾಸ್ಟಿಕ್‌ನಿಂದ ಮೇಲಿನ ತುಣುಕನ್ನು ಮುಂದಕ್ಕೂ ಒಳಕ್ಕೂ ಎಳೆದು ಕಟ್ಟಿದೆ. ಈ ಎಳೆತವಿಲ್ಲದ ಮಾದರಿಯ ಮೇಲೆ ಯಾರು ಬೇಕಾದರೂ ಪ್ಲೇಟ್ ಕೂರಿಸಿಯಾರು!

ಕೂರಿಸುವ ಕ್ರಮ ಹೀಗೆ. ದವಡೆಯ ಮೂಲೆಗೊಂದು ಸ್ಕ್ರೂ ಹಾಕಿ, ತಂತಿ ಸುತ್ತಿ ಕೆಳಕ್ಕೆ ಎಳೆದರೆ ಕುಗ್ಗಿದ ರೇಮಸ್ (ಕೆಳದವಡೆಯ ನೆಟ್ಟಗಿನ ಹಿಂಭಾಗ) ಎಡೆ ಬಿಡುತ್ತದೆ. ಪ್ಲೇಟನ್ನು ಮೊದಲು ಮೇಲಿನ ತುಣುಕಿಗೇ ಎರಡು ಸ್ಕ್ರೂಗಳಿಂದ ಬಿಗಿದು, ಅದನ್ನೇ ಹಿಡಿಯಾಗಿಸಿ ತುಣುಕನ್ನು ಹೊರಕ್ಕೆ ತಿರುಗಿಸಿ ಹಿಂಬದಿ ಅಂಚನ್ನು ಸಾಲಾಗಿಸಬೇಕು. ಹಲ್ಲುಗಳನ್ನು ತಂತಿಯಿಂದ ಕಟ್ಟಿದ ಮೇಲಷ್ಟೇ ಕೆಳಗಿನ ಸ್ಕ್ರೂಗಳು. ಹಿಂದುಮುಂದಾದರೆ ಪ್ಲೇಟ್ ಭದ್ರವಾಗಿಯೇ ಕೂರುತ್ತದೆ, ಕಚ್ಚು, ಅಂದರೆ ಹಲ್ಲಿಗೆ ಹಲ್ಲು ಕೂರುವುದು, ಮಾತ್ರ ತಪ್ಪಿರುತ್ತದೆ.

ಬಳಸಿದ್ದು 2.0 ಮಿ.ಮೀ. ಮಿನಿಪ್ಲೇಟ್, 1.5 ಮಿ.ಮೀ. ಡ್ರಿಲ್, 6 ಮಿ.ಮೀ. ಸ್ಕ್ರೂ. ಪಿಎಲ್ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುವುದರಿಂದ ನೀರು ಬಿಡದೆ ಕೊರೆದರೆ ತೂತು ಅಗಲವಾಗಿ ಸ್ಕ್ರೂ ಸುಮ್ಮನೆ ಸುತ್ತುತ್ತದೆ. ನಿಜವಾದ ಮೂಳೆ 47 ಡಿಗ್ರಿಯಲ್ಲಿ ಒಂದು ನಿಮಿಷ ಬೆಂದರೂ ಕೆಡುತ್ತದೆ, ಹಾಗಾಗಿ ಸಲೈನ್ (ಉಪ್ಪುನೀರು) ಬಿಡುತ್ತ ಕೊರೆಯುವ ಅಭ್ಯಾಸ ಇಲ್ಲಿಂದಲೇ ಆಗಲಿ.

ಹಿಂಬದಿ ಅಂಚಿನಲ್ಲಿ ಒಂದೇ ತೆಳು ಪ್ಲೇಟ್ ಹಾಕಿ ಕಚ್ಚಿಸಿದಾಗ ತಗ್ಗಿನ ಕಡೆ ಬಿರುಕು ಬಾಯಿಬಿಡುತ್ತದೆ. ರೋಗಿಯಲ್ಲಿ ಪ್ಲೇಟ್ ಮುರಿಯುವುದು, ಮೇಲಿನ ಸ್ಕ್ರೂ ಸಡಿಲವಾಗುವುದು ಇದೇ ಬಾಗಾಟದಿಂದ. ತಗ್ಗಿನ ಕೆಳಗೆ ಓರೆಯಾಗಿ ಎರಡನೇ ಪ್ಲೇಟ್ ಬಿದ್ದೊಡನೆ ಬಿರುಕು ಮುಚ್ಚುತ್ತದೆ. ಜಾಗವಿದ್ದರೆ ಎರಡು ಹಾಕುವುದೇ ಸರಿ.

ಮುಂದಿನ ಹಂತ ಮೃದು ಅಂಗಾಂಶ: ಚರ್ಮಕ್ಕೆ ಸಿಲಿಕೋನ್, ಕಿವಿಯ ಮುಂದಿನ ಜೊಲ್ಲಿನ ಗ್ರಂಥಿಯಾದ ಪರೋಟಿಡ್‌ಗೆ ಸ್ಪಂಜು, ಮುಖದ ನರದ ಕವಲುಗಳಿಗೆ ಹಳದಿ ದಾರ. ಕಿವಿಯ ಹಾಲೆಯಿಂದ ಅರ್ಧ ಸೆ.ಮೀ. ಕೆಳಗೆ ಶುರುವಾಗುವ 3 ಸೆ.ಮೀ. ಕೊಯ್ತದೊಳಗೆ, ದಾರದ ಉದ್ದಕ್ಕೇ ಫೋರ್ಸೆಪ್ಸ್ (ಇಕ್ಕಳ) ಅಗಲಿಸಬೇಕು, ಅಡ್ಡಕ್ಕಲ್ಲ. ಕೊಯ್ತವನ್ನು ಅಗಲಿಸಿ ಹಿಡಿಯುವ ರಿಟ್ರಾಕ್ಟರ್ ಜಗ್ಗಿದಾಗ ದಾರ ಬಿಗಿಯುವುದು ಕಣ್ಣಿಗೆ ಕಾಣಲೆಂದೇ ಈ ಏರ್ಪಾಡು. ಕೆಳತುಟಿ ಸೊಟ್ಟಗಾಗುವುದು ಬಹುಪಾಲು ನರ ಕತ್ತರಿಸಿದ್ದರಿಂದಲ್ಲ, ಹೀಗೆ ಜಗ್ಗಿದ್ದರಿಂದ. ತುಟಿಯ ಚಲನೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮರಳುತ್ತದೆ. ಗ್ರಂಥಿಯ ಹೊದಿಕೆಯನ್ನು ಸೋರದಂತೆ ಹೊಲಿಯುವುದೂ ಅಭ್ಯಾಸದಲ್ಲಿದೆ. ಅದು ಬಿಟ್ಟುಹೋದರೆ ಊಟದ ಹೊತ್ತಿಗೆ ಜೊಲ್ಲು ತುಂಬಿ ಕೆನ್ನೆಯ ಹಿಂಭಾಗ ಊದುತ್ತದೆ. ಸೂಜಿಯಿಂದ ಎಳೆದು, ಬಿಗಿಯಾಗಿ ಪಟ್ಟಿ ಕಟ್ಟಬೇಕಾಗುತ್ತದೆ.

ಮಕ್ಕಳ ದವಡೆಯ ಮಾದರಿ ಸದ್ಯಕ್ಕಿಲ್ಲ. ಅವರಲ್ಲಿ ಬಹುತೇಕ ಮುರಿತಗಳಿಗೆ ಕೊಯ್ಯದ ಚಿಕಿತ್ಸೆಯೇ ಸಾಕು, ಕೀಲು ಬಿಗಿದುಕೊಳ್ಳದಂತೆ ಬೇಗ ಬಾಯಿ ಆಡಿಸಿದರಾಯಿತು.