‘ಮನಸ್ಸಿಗೆ ಏನಾದ್ರೂ ಪುಡಿ ಇದ್ಯಾ ಡಾಕ್ಟ್ರೇ?’

ಮಂಡಿ ನೋವಿಗೆ ಎಣ್ಣೆ ಬರೆಸಿಕೊಂಡು, ಚೀಟಿ ಮಡಚಿ ಜೇಬಿಗೆ ಹಾಕಿ, ಚಪ್ಪಲಿ ಮೆಟ್ಟುವ ಹೊತ್ತಿಗೆ ಈ ಪ್ರಶ್ನೆ ಬರುತ್ತದೆ. ‘ಮನಸ್ಸಿಗೆ ಏನಾದ್ರೂ ಪುಡಿ ಇದ್ಯಾ ಡಾಕ್ಟ್ರೇ? ನನಗಲ್ಲ, ನಮ್ಮ ಸಂಬಂಧಿಕರೊಬ್ಬರಿಗೆ.’ ಆ ಸಂಬಂಧಿಕರು ಯಾರು ಅಂತ ಇಬ್ಬರಿಗೂ ಗೊತ್ತಿರುತ್ತದೆ. ಇದನ್ನೇ ಇನ್ನು ಕೆಲವರು ಬೇರೆ ಥರ ಕೇಳುತ್ತಾರೆ: ‘ಸೈಕಿಯಾಟ್ರಿಸ್ಟ್ ಕೊಟ್ಟ ಇಂಗ್ಲಿಷ್ ಮಾತ್ರೆ ಬಿಟ್ಟು ಆಯುರ್ವೇದಕ್ಕೆ ಬಂದುಬಿಡ್ಲಾ?’ ಮಲೆನಾಡಿನ ಸಣ್ಣ ಊರಲ್ಲಿ ಆಯುರ್ವೇದ ಕ್ಲಿನಿಕ್ ಇಟ್ಟುಕೊಂಡ ನನಗೆ ಇದು ವಾರದ ಪಾಠ.

ಎರಡನೆಯದಕ್ಕೆ ಉತ್ತರ ಚಿಕ್ಕದು. ಬಿಡಬೇಡಿ. ಖಿನ್ನತೆಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ತಲೆ ಸುತ್ತುತ್ತದೆ, ನಿದ್ದೆ ಕೆಡುತ್ತದೆ, ಸಿಡುಕು ಬರುತ್ತದೆ, ಕೆಲವರಿಗೆ ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುತ್ತದೆ. ಇಳಿಸುವುದಿದ್ದರೆ ಬರೆದುಕೊಟ್ಟವರೇ ಹಂತಹಂತವಾಗಿ ಇಳಿಸಬೇಕು. ನನ್ನ ಮದ್ದು ಅದರ ಪಕ್ಕದಲ್ಲಿ ಕೂರಬಹುದು, ಅದೂ ಅವರಿಗೆ ತಿಳಿಸಿ. ಅದರ ಜಾಗದಲ್ಲಿ ಅಲ್ಲ.

‘ಗಿಡಮೂಲಿಕೆ ತಾನೇ, ಏನೂ ಆಗಲ್ಲ’ ಅನ್ನುವ ಮಾತನ್ನು ನಾನೂ ನಂಬಿದ್ದೆ. ಕೆಲವು ವರ್ಷಗಳ ಹಿಂದೆ ಗಾಬರಿ, ಸುಸ್ತು ಅಂತ ಬಂದ ಹೆಂಗಸೊಬ್ಬರಿಗೆ ಅಶ್ವಗಂಧ ಕೊಟ್ಟೆ. ನಮ್ಮ ಹಿರಿಯರು ಹಿರೇಮದ್ದು ಅಂತ ಕರೆದ ಬೇರು, ಹೆಸರಿನಲ್ಲೇ ಭರವಸೆ ಇದೆ. ತಿಂಗಳು ಬಿಟ್ಟು ಬಂದರು: ಎದೆ ಢವಢವ, ಕೈ ನಡುಕ, ಗಾಬರಿ ಮೊದಲಿಗಿಂತ ಜಾಸ್ತಿ. ಅವರು ದಿನಾ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರು. ನಾನು ಕೇಳಿರಲಿಲ್ಲ. ಅಶ್ವಗಂಧ ಕೆಲವರಲ್ಲಿ ಥೈರಾಯ್ಡ್ ಹಾರ್ಮೋನನ್ನು ಏರಿಸುತ್ತದೆ; ಮಾತ್ರೆ ಒಂದು ಕಡೆ, ಬೇರು ಇನ್ನೊಂದು ಕಡೆ, ಎರಡೂ ಸೇರಿ ಎದೆ ಓಡಿಸಿದ್ದವು. ಪುಡಿ ನಿಲ್ಲಿಸಿ ರಕ್ತ ಪರೀಕ್ಷೆಗೆ ಕಳಿಸಿದೆ. 2023ರಲ್ಲಿ ಡೆನ್ಮಾರ್ಕ್ ಅಶ್ವಗಂಧವನ್ನು ನಿಷೇಧಿಸಿದಾಗ ನಮ್ಮವರಿಗೆಲ್ಲ ಸಿಟ್ಟು ಬಂತು, ನನಗೂ ಬಂತು. ಆದರೂ ಥೈರಾಯ್ಡ್ ವಿಷಯದಲ್ಲಿ ಅವರ ಮಾತು ಸುಳ್ಳು ಅನ್ನಲು ನನಗೆ ಬಾಯಿ ಬರಲಿಲ್ಲ. ಈಗ ನಾಡಿ ಹಿಡಿಯುವ ಮೊದಲು ‘ಮನೆಯಲ್ಲಿರೋ ಮಾತ್ರೆ ಎಲ್ಲಾ ಒಂದು ಕವರಿಗೆ ಹಾಕಿ ತನ್ನಿ’ ಅನ್ನುತ್ತೇನೆ. ಅರಿಷ್ಟ ಅನ್ನುವ ದ್ರವ ಮದ್ದುಗಳೂ ಹಾಗೆಯೇ. ಸಾರಸ್ವತಾರಿಷ್ಟ ಹುದುಗಿಸಿ ಮಾಡುವುದು, ಅದರಲ್ಲಿ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. ಕುಡಿತ ಬಿಡಿಸುವ ಮಾತ್ರೆಯಲ್ಲಿರುವವರ ಮನೆಗೆ ಅದು ಹೋಗಕೂಡದು.

ಇನ್ನು ಪುಡಿಯ ಪ್ರಶ್ನೆ. ಆಯುರ್ವೇದದ ಹಳೆಯ ಗ್ರಂಥ ಚರಕಸಂಹಿತೆಯ ಮೊದಲ ಭಾಗ ಸೂತ್ರಸ್ಥಾನ, ಅದರ 25ನೇ ಅಧ್ಯಾಯದಲ್ಲಿ ಒಂದು ಉದ್ದದ ಪಟ್ಟಿ ಇದೆ, ಯಾವ ಕೆಲಸಕ್ಕೆ ಯಾವುದು ಎಲ್ಲಕ್ಕಿಂತ ಮುಂದು ಅಂತ. ತಣಿಸುವುದರಲ್ಲಿ ಹರ್ಷ ಮುಂದು, ಒಣಗಿಸುವುದರಲ್ಲಿ ಶೋಕ ಮುಂದು. ‘ವಿಷಾದೋ ರೋಗವರ್ಧನಾನಾಂ’, ರೋಗ ಬೆಳೆಸುವುದರಲ್ಲಿ ವಿಷಾದ ಮುಂದು. ಅದೇ ಪಟ್ಟಿಯಲ್ಲಿ, ಅದೇ ಗಂಭೀರ ದನಿಯಲ್ಲಿ, ನಿದ್ದೆ ತರಿಸುವುದರಲ್ಲಿ ಎಮ್ಮೆ ಹಾಲು ಮುಂದು ಅಂತಲೂ ಇದೆ. ಓದಿದಾಗೆಲ್ಲ ನಗು ಬರುತ್ತದೆ. ದುಃಖವನ್ನೂ ಎಮ್ಮೆ ಹಾಲನ್ನೂ ಒಂದೇ ಹಗ್ಗಕ್ಕೆ ಕಟ್ಟಿದ ಪುಣ್ಯಾತ್ಮ!

ಆದರೆ ನಾನು ಶುರು ಮಾಡುವುದೂ ಅಲ್ಲಿಂದಲೇ. ಎಷ್ಟು ಹೊತ್ತಿಗೆ ಮಲಗುತ್ತೀರಿ? ರಾತ್ರಿ ಊಟ ಎಷ್ಟಕ್ಕೆ? ಸುಖ ದುಃಖ ಎರಡೂ ನಿದ್ದೆಯ ಕೈಯಲ್ಲಿವೆ ಅಂತ ಚರಕ ಹೇಳಿದ್ದಾನೆ. ರಾತ್ರಿ ಊಟ ಬೇಗ, ಮಲಗುವ ಮುಂಚೆ ಅಂಗಾಲಿಗೆ ಎಳ್ಳೆಣ್ಣೆ, ಹಾಲು ಒಗ್ಗುವವರಿಗೆ ಬಿಸಿ ಹಾಲು. ಎಷ್ಟೋ ಜನ ಇದನ್ನು ಚಿಕಿತ್ಸೆ ಅಂತಲೇ ಒಪ್ಪುವುದಿಲ್ಲ. ಶಿರೋಧಾರೆ ಅಂದರೆ ಮಾತ್ರ ಕಣ್ಣರಳುತ್ತದೆ. ಮಾಡಿಸಿಕೊಳ್ಳಿ, ಒಳ್ಳೆಯದೇ. ಹಣೆ ಮೇಲೆ ಬೆಚ್ಚಗಿನ ಎಣ್ಣೆ ಸಣ್ಣಗೆ ಹರಿಯುತ್ತಿದ್ದರೆ ಎಂಥವರೂ ತೂಕಡಿಸುತ್ತಾರೆ. ಅರ್ಧ ಗುಣ ಎಣ್ಣೆಯದ್ದು, ಇನ್ನರ್ಧ 40 ನಿಮಿಷ ಮೊಬೈಲ್ ಮುಟ್ಟದೆ ಮಲಗಿದ್ದರದ್ದು ಅಂತ ನನ್ನ ಗುಮಾನಿ.

ಪುಡಿ, ಎಣ್ಣೆ, ಹಾಲು ಯಾವುದಕ್ಕೂ ಕಾಯದೆ ಮುಂದೆ ಕಳಿಸುವ ರೋಗಿಗಳಿದ್ದಾರೆ. ಸಾಯಬೇಕು ಅನ್ನಿಸುತ್ತಿದೆ ಅನ್ನುವವರು, ಯಾರೋ ಕಿವಿಯಲ್ಲಿ ಮಾತಾಡುತ್ತಾರೆ ಅನ್ನುವವರು, ನಾಲ್ಕು ದಿನ ನಿದ್ದೆಯಿಲ್ಲದೆಯೂ ಉಕ್ಕುವ ಉತ್ಸಾಹದಲ್ಲಿರುವವರು, ಮಗುವನ್ನು ನೋಡಿದರೆ ಏನೂ ಅನ್ನಿಸುತ್ತಿಲ್ಲ ಅನ್ನುವ ಬಾಣಂತಿ. ಇವರನ್ನು ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಚರಕನಲ್ಲಿ ನನಗೆ ತುಂಬ ಇಷ್ಟವಾದ ಜಾಗ ಬೇರೆ. ಸೂತ್ರಸ್ಥಾನದ 7ನೇ ಅಧ್ಯಾಯದಲ್ಲಿ ತಡೆಯಬಾರದ 13 ವೇಗಗಳನ್ನು, ಅಂದರೆ ದೇಹ ತಾನಾಗಿ ಹೊರಡಿಸುವ ಒತ್ತಡಗಳನ್ನು, ಹೇಳುತ್ತಾನೆ. ಮಲ, ಮೂತ್ರ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ ಇವುಗಳ ಜೊತೆ ಕಣ್ಣೀರೂ ಇದೆ. ಕಣ್ಣೀರು ತಡೆದರೆ ನೆಗಡಿ, ಕಣ್ಣಿನ ತೊಂದರೆ, ಹೃದ್ರೋಗ, ಊಟ ಸೇರದಿರುವುದು, ತಲೆಸುತ್ತು. ಅದಕ್ಕೆ ಮದ್ದು? ‘ಸ್ವಪ್ನೋ ಮದ್ಯಂ ಪ್ರಿಯಾಃ ಕಥಾಃ.’ ನಿದ್ದೆ, ಮದ್ಯ, ಇಷ್ಟವಾದ ಮಾತುಕತೆ. ನಡುವಿನದನ್ನು ಮಾತ್ರ ನಾನು ಚೀಟಿಯಲ್ಲಿ ಬರೆಯುವುದಿಲ್ಲ.

ಹೋದ ಮಳೆಗಾಲದಲ್ಲಿ ಅಡಿಕೆ ಬೆಳೆಗಾರರೊಬ್ಬರು ಬಂದರು. ಎದೆ ಭಾರ, ಊಟ ರುಚಿಸಲ್ಲ. ಇಸಿಜಿ ಮಾಡಿಸಿದ್ದರು, ಸರಿಯಿತ್ತು. ತಂದೆ ತೀರಿ ಮೂರು ತಿಂಗಳಾಗಿತ್ತು. ಹಿರಿ ಮಗ ಅಂತ ಕರ್ಮಾಂತರ ಮುಗಿಯುವ ತನಕ ಒಂದು ಹನಿ ಕಣ್ಣೀರು ಹಾಕಿರಲಿಲ್ಲ, ಆಮೇಲೆ ಅಳುವುದಕ್ಕೆ ಹೊತ್ತೇ ಸಿಗಲಿಲ್ಲವಂತೆ. ಮೂರನೇ ಸಲ ಬಂದಾಗ ಮದ್ದಿನ ಮಾತು ಬಿಟ್ಟು ತೋಟದ ಮಾತಿಗೆ ಇಳಿದೆವು. ಅಪ್ಪ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವಾಗ ಕೈ ಅದ್ದಿ ಹದ ನೋಡುತ್ತಿದ್ದರು, ಮಳೆಗಾಲ ಪೂರ್ತಿ ಉಗುರು ನೀಲಿ ಇರುತ್ತಿತ್ತು ಅಂತ ಹೇಳುತ್ತಾ ಹೇಳುತ್ತಾ ಗಂಟಲು ಕಟ್ಟಿತು. ಹೊರಗೆ ನಾಲ್ಕು ಜನ ಕಾಯುತ್ತಿದ್ದರು. ನಾನು ಬಾಗಿಲು ಮುಂದೆ ಮಾಡಿ ಬಂದೆ.

ಮುಖ ತೊಳೆದು ಹೊರಟವರು ಚಪ್ಪಲಿ ಮೆಟ್ಟುತ್ತಾ ತಿರುಗಿದರು. ‘ಹಾಗಾದ್ರೆ ಪುಡಿ ಏನೂ ಬೇಡ್ವಾ?’ ಬರಿಗೈಲಿ ಕಳಿಸಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಒಂದೆಲಗದ ತಂಬುಳಿ ಬರೆದುಕೊಟ್ಟೆ: ಒಂದು ಹಿಡಿ ಎಲೆ, ಜೀರಿಗೆ, ನಾಲ್ಕು ಕಾಳುಮೆಣಸು, ಕಾಯಿತುರಿ, ಮಜ್ಜಿಗೆ. ‘ಇದು ನಮ್ಮ ತೋಟದ ಕಾಲುವೆ ಬದಿಯಲ್ಲೇ ಇದೆಯಲ್ಲ’ ಅಂದರು. ‘ಅಲ್ಲಿಂದಲೇ ಕೊಯ್ದು ತನ್ನಿ, ನೀವೇ ಹೋಗಿ’ ಅಂದೆ.