ಹರಿವೆ ಸೊಪ್ಪಿನಲ್ಲಿರುವ ವಿಕಿರಣವನ್ನು ಅಳೆಯುವುದು ಹೇಗೆ?

ಕೈಗಾ ಅಣು ವಿದ್ಯುತ್ ಸ್ಥಾವರದ ಸುತ್ತಮುತ್ತ ಬೆಳೆದ ಹರಿವೆ, ಬಸಳೆ ತಿನ್ನಬಹುದೇ? ಇದಕ್ಕೆ ವಿಕಿರಣ ಎಣಿಸುವ ಕೈಯಂತ್ರವಾದ ಗೈಗರ್ ಕೌಂಟರ್ ಉತ್ತರ ಕೊಡಲಾರದು. ಸೊಪ್ಪಿನ ಕಟ್ಟಿನ ಮೇಲೆ ಹಿಡಿದಾಗ ಅದು ತೋರಿಸುವ ಅಂಕಿ ಬಹುಪಾಲು ನೆಲ, ಗೋಡೆ, ಆಕಾಶದ್ದು. ಜಪಾನ್ 2012ರಲ್ಲಿ ಸಾಮಾನ್ಯ ಆಹಾರಕ್ಕೆ ಕಿಲೋಗೆ 100 ಬೆಕೆರೆಲ್ (ಸೆಕೆಂಡಿಗೆ 100 ಪರಮಾಣು ಕ್ಷಯಿಸುವಷ್ಟು) ವಿಕಿರಣಶೀಲ ಸೀಸಿಯಂ ಎಂದು ಮಿತಿ ಇಟ್ಟಿತು. ಅಷ್ಟಿದ್ದರೂ ಆ ಗದ್ದಲದಲ್ಲಿ ಅದು ಮುಚ್ಚಿಹೋಗುತ್ತದೆ.

ಬೇಕಾದದ್ದು ಹೊರಗಿನ ವಿಕಿರಣ ತಡೆಯುವ ಸೀಸದ ಗೂಡಿನೊಳಗಿನ ಗಾಮಾ ಸ್ಪೆಕ್ಟ್ರೋಮೀಟರ್. ಗಾಮಾ ಕಿರಣಗಳನ್ನು ಅವುಗಳ ಶಕ್ತಿಯ ಪ್ರಕಾರ ವಿಂಗಡಿಸಿ, ಪ್ರತಿ ವಸ್ತುವನ್ನೂ ಅದರದೇ ಗೆರೆಯಾಗಿ ತೋರಿಸುವ ಯಂತ್ರ ಇದು. ಸುಮಾರು 5 ಕಿಲೋ ಸೊಪ್ಪು ತಂದು, ಬೇರು ಕತ್ತರಿಸಿ, ತೊಳೆದು, ನೀರು ಒರೆಸಿ, ಮೊದಲು ಹಸಿ ತೂಕ ಬರೆದುಕೊಳ್ಳಬೇಕು. ಆಮೇಲೆ 105 ಡಿಗ್ರಿಯಲ್ಲಿ ಒಣಗಿಸಿದರೆ ಅರ್ಧ ಕಿಲೋ ಆಸುಪಾಸು ಉಳಿಯುತ್ತದೆ. ಒಣ ತೂಕದ ಅಂಕಿಯನ್ನೇ ಹಸಿ ಸೊಪ್ಪಿನದೆಂದು ಬರೆದರೆ ಫಲಿತಾಂಶ ಹತ್ತು ಪಟ್ಟು ಉಬ್ಬುತ್ತದೆ. ಬೂದಿ ಮಾಡುವುದಾದರೆ 450 ಡಿಗ್ರಿ ದಾಟಿಸಬಾರದು, ಸೀಸಿಯಂ ಹಾರಿಹೋಗುತ್ತದೆ.

ಸೀಸಿಯಂ-137ರ ಗೆರೆ 662 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಕಾಣುತ್ತದೆ. ದಂಟಿನ ಬುಡದ ಸಂದಿಯಲ್ಲಿ ಕೆಂಪು ಮಣ್ಣು ಉಳಿದಿದ್ದರೆ ಅದರೊಳಗೆ ಸಹಜವಾಗಿಯೇ ಇರುವ ವಿಕಿರಣಶೀಲ ಬಿಸ್ಮತ್-214 ಪಕ್ಕದಲ್ಲೇ, 609ರಲ್ಲಿ, ಎದ್ದು ನಿಲ್ಲುತ್ತದೆ. ಸೋಡಿಯಂ ಅಯೋಡೈಡ್ ಹರಳಿಗೆ ಇವೆರಡನ್ನು ಸರಿಯಾಗಿ ಬೇರ್ಪಡಿಸಲು ಬಾರದು. ಜರ್ಮೇನಿಯಂ ಡಿಟೆಕ್ಟರ್‌ಗೆ ಬರುತ್ತದೆ. 1461ರ ದೊಡ್ಡ ಗೆರೆ ಕಂಡು ಗಾಬರಿಯಾಗಬೇಡಿ, ಅದು ಎಲ್ಲ ಪೊಟ್ಯಾಸಿಯಂನಲ್ಲೂ ಸಹಜವಾಗಿರುವ ವಿಕಿರಣಶೀಲ ಪೊಟ್ಯಾಸಿಯಂ-40. ಕಿಲೋ ಹರಿವೆಯಲ್ಲಿ ಸುಮಾರು 6 ಗ್ರಾಂ ಪೊಟ್ಯಾಸಿಯಂ ಇರುತ್ತದೆ, ಗ್ರಾಂಗೆ 31 ಬೆಕೆರೆಲ್. ದೇಹ ತನಗೆ ಬೇಕಾದಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಹೊರಹಾಕುತ್ತದೆ, ಹಾಗಾಗಿ ಹೆಚ್ಚು ತಿಂದರೂ ಅದು ಒಳಗೆ ಸೇರುತ್ತಾ ಹೋಗುವುದಿಲ್ಲ.

ಕೈಗಾದ್ದು ಭಾರಜಲದ ರಿಯಾಕ್ಟರ್‌ಗಳು, ಆ ಜಲದಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಹುಟ್ಟುವುದರಿಂದ ಅದನ್ನೂ ನೋಡಲೇಬೇಕು. ಅದು ಸೊಪ್ಪಿನ ನೀರಿನಲ್ಲಿರುತ್ತದೆ, ಒಣಗಿಸಿದರೆ ಆವಿಯ ಜತೆಗೇ ಹೋಗುತ್ತದೆ. ಹಾಗಾಗಿ ಕಿತ್ತ ಕೂಡಲೇ ಇನ್ನೊಂದು ಮಾದರಿಯನ್ನು ಗಾಳಿಯಾಡದ ಚೀಲದಲ್ಲಿ ಹೆಪ್ಪುಗಟ್ಟಿಸಿಡಿ. ನಿರ್ವಾತದಲ್ಲಿ ನೀರು ಸೆಳೆದು, ವಿಕಿರಣ ತಾಗಿದಾಗ ಮಿನುಗುವ ದ್ರವಕ್ಕೆ ಬೆರೆಸಿ ಆ ಮಿನುಗನ್ನು ಎಣಿಸಬೇಕು (ಲಿಕ್ವಿಡ್ ಸಿಂಟಿಲೇಷನ್).

ಅಪಾಯದ ಲೆಕ್ಕ ಹೀಗೆ: ಕಿಲೋಗೆ 10 ಬೆಕೆರೆಲ್ ಸೀಸಿಯಂ ಇರುವ ಸೊಪ್ಪನ್ನು ದಿನಕ್ಕೆ 200 ಗ್ರಾಂನಂತೆ ವರ್ಷವಿಡೀ ತಿಂದರೆ 730 ಬೆಕೆರೆಲ್. ವಯಸ್ಕರ ದೇಹಕ್ಕೆ ಅದರಿಂದ ತಗಲುವ ಡೋಸ್ ಸುಮಾರು 9.5 ಮೈಕ್ರೋಸೀವರ್ಟ್, ಸಾರ್ವಜನಿಕರಿಗಿರುವ ವಾರ್ಷಿಕ ಮಿತಿ 1000. ಟ್ರಿಟಿಯಂ ಬೆಕೆರೆಲ್‌ಗೆ ಬೆಕೆರೆಲ್ ಸೀಸಿಯಂಗಿಂತ ಸುಮಾರು 700 ಪಟ್ಟು ಸೌಮ್ಯ.

ನಾನು ಹೆಚ್ಚು ಗಮನ ಕೊಡುವುದು ಪೊಲೋನಿಯಂ-210ಕ್ಕೆ. ಇದು ಸ್ಥಾವರದ್ದಲ್ಲ, ಗಾಳಿಯ ರೇಡಾನ್‌ನಿಂದ ಹುಟ್ಟಿ ಅಗಲ ಎಲೆಗಳ ಮೇಲೆ ಬಂದು ಕೂರುತ್ತದೆ. ಸೀಸಿಯಂಗಿಂತ ಬೆಕೆರೆಲ್‌ಗೆ ಸುಮಾರು 90 ಪಟ್ಟು ಡೋಸ್ ಕೊಡುತ್ತದೆ, ಗಾಮಾ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಬೂದಿ ಮಾಡಿದರೆ ಹಾರಿಹೋಗುವುದರಿಂದ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಬೆಳ್ಳಿಯ ಬಿಲ್ಲೆಯ ಮೇಲೆ ಕೂರಿಸಿ, ಅದು ಸೂಸುವ ಆಲ್ಫಾ ಕಣಗಳ ಎಣಿಕೆ ಮಾಡಬೇಕು. ಎಲೆಯ ಮೇಲ್ಮೈಯಲ್ಲಿ ಕೂತ ಒಂದು ಪಾಲು ಅಡುಗೆಮನೆಯ ನಲ್ಲಿ ನೀರಿನಲ್ಲೇ ತೊಳೆದುಹೋಗುತ್ತದೆ.